ಮಾಡಿದವರೂ ತಿಂದು ಹೊರಡಿ

ನೋಡಮ್ಮ, ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವಳಾಗಲಿ, ಎಲೆಕ್ಟ್ರಾನಿಕ್ ಸಿಟಿಗೆ ಕಂಪನಿ ಕ್ಯಾಬ್ ಹತ್ತುವವಳಾಗಲಿ, ಮನೆಮಂದಿಗೆಲ್ಲ ತಿಂಡಿ ಮಾಡಿ, ಡಬ್ಬಿ ಕಟ್ಟಿ, ತಾನು ಮಾತ್ರ ಒಂದು ಲೋಟ ಕಾಫಿ ಕುಡಿದು ಓಡುವ ಹೆಣ್ಣುಮಕ್ಕಳು ಈ ಬೆಂಗಳೂರಿನ ಬೀದಿಬೀದಿಯಲ್ಲೂ ಇದ್ದಾರೆ. ನೀನು ಹಾಗಾಗಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಕಾರಣ ಹಲವಿರಬಹುದು. ಬರಿಹೊಟ್ಟೆಯ ಕಾಫಿಯಿಂದಂತೂ ಅದು ಸರಿಹೋಗುವುದಿಲ್ಲ. ಮಾಡಿದವಳಿಗೂ ಕೂತು ತಿನ್ನಲು ಹತ್ತು ನಿಮಿಷ ಉಳಿಸಿಕೊಡುವ ತಿಂಡಿಯೇ ನಿನ್ನ ಮನೆಗೆ ತಕ್ಕ ತಿಂಡಿ.

ಆ ಹತ್ತು ನಿಮಿಷ ಸಿಗುವುದು ಹಿಂದಿನ ರಾತ್ರಿಯಲ್ಲಿ. ಪಾತ್ರೆ ತೊಳೆದಿಡುವಷ್ಟರಲ್ಲಿ ನಾಳೆ ಏನೆಂದು ತೀರ್ಮಾನವಾಗಿರಲಿ. ಬೀನ್ಸು, ಕ್ಯಾರೆಟ್ಟು ಹೆಚ್ಚಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡು. ದೋಸೆಗಾದರೆ ಹೆಸರುಕಾಳು ನೆನೆಹಾಕು. ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ ಸೇರಿಸಿ ರುಬ್ಬಿದ ಕೂಡಲೇ ಹುಯ್ಯಬಹುದು, ಹುದುಗು ಬರಲೆಂದು ಕಾಯುವ ಕೆಲಸವಿಲ್ಲ. ಭಾನುವಾರ ಬನ್ಸಿ ರವೆ ಹುರಿದಿಟ್ಟುಕೊಂಡರೆ ಉಪ್ಪಿಟ್ಟು ಹದಿನೈದು ನಿಮಿಷದ್ದು. ಅದನ್ನು ಕಾಂಕ್ರೀಟ್ ಎಂದು ಆಡಿಕೊಳ್ಳುವವರ ಮನೆಯಲ್ಲಿ ನೀರು ಕಡಿಮೆ ಹಾಕಿರುತ್ತಾರೆ. ಒಂದು ಲೋಟ ರವೆಗೆ ಮೂರು ಲೋಟ ನೀರು ಹಾಕು, ರವೆಯಷ್ಟೇ ತರಕಾರಿ ಹಾಕು. ಡಿಸೆಂಬರಿನಲ್ಲಿ ಮಾಗಡಿ ಕಡೆಯ ಸೊಗಡವರೆ ಬಂದಾಗ ಬೇಯಿಸಿದ ಕಾಳನ್ನು ಧಾರಾಳವಾಗಿ ಸೇರಿಸು.

ರಾಗಿಯನ್ನು ಮಾತ್ರ ಮರೆಯಬೇಡ. ನೀವು ದುಡಿಯುವ ಈ ನೆಲ ರಾಗಿ ಸೀಮೆ. ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆ, ವೈಟ್‌ಫೀಲ್ಡ್ ದಾಟಿ ಹೊಸಕೋಟೆ ಕಡೆ, ಪೀಣ್ಯ ದಾಟಿ ನೆಲಮಂಗಲದ ಕಡೆ ಹೋದರೆ ಇವತ್ತಿಗೂ ರಾಗಿ ಹೊಲಗಳಿವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು 10ರ ಆಸುಪಾಸು. ಇಷ್ಟಿರುವಾಗ ಬಣ್ಣದ ಡಬ್ಬಿಯ ಹೆಲ್ತ್ ಮಿಕ್ಸಿಗೆ ದುಡ್ಡು ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಕಾಳು ಕೊಂಡು ಗಿರಣಿಯಲ್ಲಿ ಹಿಟ್ಟು ಮಾಡಿಸು.

ರಾಗಿ ರೊಟ್ಟಿಗೆ ತುಂಬ ಹೊತ್ತು ಬೇಕು ಎನ್ನುತ್ತಾರೆ. ಹೊತ್ತು ಹೋಗುವುದು ಕಾವಲಿ ಒಂದೇ ಇದ್ದಾಗ. ಹಿಟ್ಟನ್ನು ತಟ್ಟಬೇಕಾದದ್ದು ತಣ್ಣಗಿನ ಕಾವಲಿಯ ಮೇಲೆ, ಅದಕ್ಕೇ ಎರಡು ಇಟ್ಟುಕೊ. ಒಂದರಲ್ಲಿ ರೊಟ್ಟಿ ಬೇಯುವಾಗ ಇನ್ನೊಂದನ್ನು ನೀರಿಗೆ ಹಿಡಿದು ಆರಿಸಿ, ಒರೆಸಿ, ತಟ್ಟಬಹುದು. ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಕೈತುಂಬ ನುಗ್ಗೆಸೊಪ್ಪು ಇಲ್ಲವೇ ಸಬ್ಬಸಿಗೆ ಹಾಕಿ ಬಿಸಿನೀರಿನಲ್ಲಿ ಮೆತ್ತಗೆ ಕಲಸು. ಹಿಟ್ಟು ಗಟ್ಟಿಯಾದರೆ ರೊಟ್ಟಿ ಬಿರಿಯುತ್ತದೆ. ತೆಳ್ಳಗೆ ತಟ್ಟಿ, ನಡುವೆ ಎರಡು ತೂತು ಮಾಡಿ, ಒಂದು ಚಮಚ ಎಣ್ಣೆ ಬಿಟ್ಟು ಮುಚ್ಚಳ ಮುಚ್ಚು. ಜೊತೆಗೆ ಹುರಿಗಡಲೆ ಚಟ್ನಿ, ಅದೂ ಆಗದ ದಿನ ಮೊಸರು. ರೊಟ್ಟಿ ತಣ್ಣಗಾದರೂ ಡಬ್ಬಿಯಲ್ಲಿ ಕೆಡುವುದಿಲ್ಲ.

ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವವರಿಗೆ ಪೂರಿ, ವಡೆ ಬೇಡ. ಹೆಸರುಬೇಳೆ ಪೊಂಗಲ್ ಸಾಕು, ಅದೂ ಹಿತವಾಗಿ.

ಕಾಫಿ, ಟೀ ಬಿಡು ಎನ್ನುವುದಿಲ್ಲ, ಆದರೆ ತಿಂಡಿಯಾಗಿ ಒಂದು ಗಂಟೆ ಬಿಟ್ಟು ಕುಡಿ. ಜೊತೆಗೇ ಕುಡಿದರೆ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣದಂಶ ಮೈಗೆ ಸರಿಯಾಗಿ ಸೇರುವುದಿಲ್ಲ. ಅದೇ ತಿಂಡಿಗೆ ನಿಂಬೆಹುಳಿ ಹಿಂಡಿದರೆ ಚೆನ್ನಾಗಿ ಸೇರುತ್ತದೆ. ಅವಲಕ್ಕಿಗೆ, ಉಪ್ಪಿಟ್ಟಿಗೆ ನಿಂಬೆಹಣ್ಣು ತಪ್ಪಿಸಬೇಡ.

ಇನ್ನು ನೀನೂ ಕೇಳಪ್ಪ. ಇಷ್ಟನ್ನೆಲ್ಲ ನಿನ್ನ ಹೆಂಡತಿಗೊಬ್ಬಳಿಗೇ ಹೇಳಿ ಮುಗಿಸಿದರೆ ನನ್ನ ಮಾತು ಅರ್ಧವಾಗುತ್ತದೆ. ಇಬ್ಬರೂ ದುಡಿಯುವ ಮನೆಯಲ್ಲಿ ಒಲೆ ಒಬ್ಬರದಾಗಬಾರದು. ತರಕಾರಿ ಹೆಚ್ಚು, ಚಟ್ನಿ ರುಬ್ಬು, ಎರಡನೆಯ ಕಾವಲಿ ನೀನು ಹಿಡಿ. ಅವಳು ತಟ್ಟೆ ಮುಂದೆ ಕೂತು ತಿಂದದ್ದನ್ನು ನೋಡಿದ ಮೇಲೆಯೇ ಗಾಡಿ ಕೀ ತೆಗೆದುಕೊ.