ಅರ್ಧ ಸೆಕೆಂಡು ಮೊದಲು ಹೇಳಿದ ‘ಖಾಲಿ’

ರೇಸಿನ ರೇಡಿಯೋದಲ್ಲಿ ನಾನೂ ಮಗಳೂ ಮೂರೇ ಕನ್ನಡ ಪದ ಇಟ್ಟುಕೊಂಡಿದ್ದೆವು. ಒಳಗೆ, ಹೊರಗೆ, ಖಾಲಿ. ಪಕ್ಕದ ಕಾರು ಎಡಕ್ಕಿದ್ದರೆ ಒಳಗೆ, ಗೋಡೆಯ ಕಡೆಗಿದ್ದರೆ ಹೊರಗೆ, ಯಾರೂ ಇಲ್ಲದಿದ್ದರೆ ಖಾಲಿ. ಹೆಲ್ಮೆಟ್ಟು, ತಲೆ ಅಲುಗಾಡದಂತೆ ಬಿಗಿದ ಪಟ್ಟಿಗಳ ನಡುವೆ ಕೂತ ಚಾಲಕನಿಗೆ ಪಕ್ಕದಲ್ಲಿ ಏನಿದೆಯೆಂದು ಸರಿಯಾಗಿ ಕಾಣುವುದಿಲ್ಲ. ಎತ್ತರದಲ್ಲಿ ನಿಂತ ಸ್ಪಾಟರ್‌ನ ಕಣ್ಣೇ ಅವನ ಕಣ್ಣು. ನನ್ನ ಮಗಳಿಗೆ ಆ ಕಣ್ಣು ನಾನಾಗಿದ್ದೆ.

ನಾವಿರುವುದು ನಾರ್ತ್ ಕ್ಯಾರೊಲೈನಾದ ಕಾಂಕರ್ಡ್‌ನಲ್ಲಿ. ಅಮೆರಿಕದ ಸ್ಟಾಕ್ ಕಾರ್ ರೇಸು ನಾಸ್ಕಾರ್‌ನ ತಂಡಗಳಲ್ಲಿ ಹೆಚ್ಚಿನವು ಇದೇ ಸುತ್ತಮುತ್ತಲಿನವು. 1960ರಲ್ಲಿ ಶುರುವಾದ ಷಾರ್ಲಟ್ ಮೋಟರ್ ಸ್ಪೀಡ್‌ವೇ ನಮ್ಮೂರಿನಲ್ಲೇ ಇದೆ. ಮೇ ತಿಂಗಳ ಕೊನೆಯಲ್ಲಿ 600 ಮೈಲಿಯ ರೇಸು ನಡೆಯುವ ಸಂಜೆ ಮನೆ ಹಿಂದೆ ನಿಂತರೆ ಎಂಜಿನ್ನುಗಳ ಸದ್ದು ಕೇಳುತ್ತದೆ. ಬೇಸಿಗೆಯಲ್ಲಿ ಅದೇ ಸ್ಪೀಡ್‌ವೇಯಲ್ಲಿ, ದೊಡ್ಡ ಗ್ಯಾಲರಿಯ ಎದುರಿನ ಕಾಲು ಮೈಲಿಯ ಸುತ್ತಿನಲ್ಲಿ ಮಕ್ಕಳ ರೇಸು. ಒಂಬತ್ತನೇ ವರ್ಷಕ್ಕೆ ಮಗಳು ಅಲ್ಲಿ ಬ್ಯಾಂಡೊಲೆರೊ ಎಂಬ ಮಕ್ಕಳ ರೇಸ್ ಕಾರು ಹತ್ತಿದಳು. ಆಮೇಲೆ ಲೆಜೆಂಡ್ಸ್ ಕಾರು; ಹಳೆಯ ಕಾಲದ ಫೋರ್ಡ್, ಷೆವಿಗಳ ಪುಟ್ಟ ರೂಪ, ಒಳಗೆ ಯಮಹಾ ಬೈಕಿನ ಎಂಜಿನ್. ಹದಿನಾರಕ್ಕೆ ಹಿಕ್ಕರಿಯ ಟ್ರ್ಯಾಕಿನಲ್ಲಿ ಲೇಟ್ ಮಾಡೆಲ್ ಎಂಬ ಪೂರ್ಣ ಗಾತ್ರದ ರೇಸ್ ಕಾರು.

ಆ ವರ್ಷ ನಮ್ಮ ಗ್ಯಾರೇಜೇ ನಮ್ಮ ಮನೆಯಾಯಿತು. ಎಡಕ್ಕೆ ಮಾತ್ರ ತಿರುಗುವ ಕಾರಿಗೆ ಬಲಗಡೆಯ ಹಿಂದಿನ ಟೈರು ಎಡಗಡೆಯದಕ್ಕಿಂತ ಸುತ್ತಳತೆಯಲ್ಲಿ ತುಸು ದೊಡ್ಡದಿರಬೇಕು. ಕೆಳಗೆ ಕಿರಿದಾಗಿರುವ ಸ್ಟೀಲ್ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ, ನೇರ ಹೋಗದೆ ಸುತ್ತು ಹೊಡೆಯುತ್ತದೆ. ಅದೇ ಲೆಕ್ಕ. ಒಂದೊಂದು ಟೈರಿಗೂ ಟೇಪು ಸುತ್ತಿ ನಾನು ಓದುತ್ತಿದ್ದೆ, ಅವಳು ಬಿಳಿ ಚಾಕಿನಲ್ಲಿ ಟೈರಿನ ಮೇಲೇ ಬರೆಯುತ್ತಿದ್ದಳು. ಇಂಥ ಸಣ್ಣ ಅಳತೆಗಳಲ್ಲೇ ಕಾರಿನ ಸ್ವಭಾವ ಬದಲಾಗುತ್ತದೆ. ಹಿಂಬದಿ ಜಾರಿದರೆ ಕಾರು ಸಡಿಲ. ಸ್ಟೀರಿಂಗ್ ತಿರುಗಿಸಿದರೂ ಮೂತಿ ಗೋಡೆಯತ್ತಲೇ ಎಳೆದರೆ ಬಿಗಿ.

ಜುಲೈ ತಿಂಗಳ ಆ ಶನಿವಾರ ಅಭ್ಯಾಸ ಮುಗಿಸಿ ಬಂದವಳು, “ಅಪ್ಪಾ, ತಿರುವಿನ ಮಧ್ಯ ತುಂಬ ಬಿಗಿ” ಅಂದಳು. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ಹಿಂದಿನ ವಾರಕ್ಕಿಂತ ಸುತ್ತಿನ ಸಮಯ ಚೆನ್ನಾಗಿತ್ತು. ಕಾರು ಸರಿಯಾಗಿದೆ, ನೀನೇ ಸ್ವಲ್ಪ ಮೊದಲು ಆಕ್ಸಿಲರೇಟರ್ ಬಿಡು ಅಂದೆ. ಅವಳು ಮತ್ತೆ ಮಾತಾಡಲಿಲ್ಲ.

ರೇಸಿನ ಅರ್ಧ ದಾಟುವಷ್ಟರಲ್ಲಿ ಮುಂದಿನ ಬಲ ಟೈರು ಸೋತು, ಕಾರು ಪ್ರತಿ ತಿರುವಿನಲ್ಲೂ ಮೇಲಕ್ಕೆ ತೇಲತೊಡಗಿತು. ಕೆಳಗಿನ ಸಾಲು ತೆರೆದುಕೊಂಡಿತು, ಒಬ್ಬ ಒಳಗೆ ಮೂತಿ ತೂರಿಸಿದ. ನಾಲ್ಕನೇ ತಿರುವಿನಿಂದ ಹೊರಬರುವಾಗ ಅವನು ತುಸು ಹಿಂದೆ ಬಿದ್ದಂತೆ ಕಂಡಿತು. ಅವಳು ಬೇಗ ಕೆಳಗಿಳಿಯಲಿ ಅನ್ನುವ ಆಸೆ ನನಗೆ. “ಖಾಲಿ” ಅಂದೆ. ಅವನ ಬಂಪರ್ ಇನ್ನೂ ಅವಳ ಹಿಂಚಕ್ರದ ಪಕ್ಕದಲ್ಲೇ ಇತ್ತು. ನನ್ನ ಮಾತು ನಂಬಿ ಅವಳು ಇಳಿದಳು. ಕಾರು ಗಿರ್ರನೆ ತಿರುಗಿ ಗೋಡೆಗೆ ಬಡಿಯಿತು.

ಅಪಘಾತವಾದ ಮೇಲೆ ಚಾಲಕ ಕಿಟಕಿಯ ಬಲೆಯನ್ನು ಕೆಳಗಿಳಿಸಿದರೆ ‘ನಾನು ಸರಿಯಾಗಿದ್ದೇನೆ’ ಎಂದರ್ಥ. ಆ ಕಪ್ಪು ಬಲೆಯನ್ನೇ ನೋಡುತ್ತಾ ನಿಂತೆ. ಹೊಗೆ ಸರಿಯಿತು, ಹಳದಿ ದೀಪ ಹತ್ತಿತು, ಬಲೆ ಇಳಿಯಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಗ್ಲೌಸು ಹಾಕಿದ ಕೈಯೊಂದು ಬಲೆಯನ್ನು ಕಿತ್ತು ಕೆಳಗೆ ಬಿಟ್ಟಿತು. ಕಿವಿಯಲ್ಲಿ ಅವಳ ದನಿ: “ಅಪ್ಪಾ, ಖಾಲಿ ಇರಲಿಲ್ಲ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಸ್ಕಾರ್ ದಿಗ್ಗಜ ರಿಚರ್ಡ್ ಪೆಟಿಯವರ ಮೊಮ್ಮಗ ಆಡಮ್ ಪೆಟಿ 2000ದ ಮೇ 12ರಂದು ನ್ಯೂ ಹ್ಯಾಂಪ್‌ಷೈರಿನ ಟ್ರ್ಯಾಕಿನಲ್ಲಿ, ರೇಸಿನಲ್ಲೂ ಅಲ್ಲ, ಬರೀ ಅಭ್ಯಾಸದಲ್ಲಿ ತೀರಿಕೊಂಡ. ಹತ್ತೊಂಬತ್ತು ವರ್ಷ. ಮರುವರ್ಷ ನಾಸ್ಕಾರಿನ ದೊಡ್ಡ ರೇಸು ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಹೋದರು. ಅದಾದ ಮೇಲೆಯೇ ತಲೆ ಮತ್ತು ಕುತ್ತಿಗೆ ಹಿಡಿಯುವ ಸಾಧನ ಕಡ್ಡಾಯವಾದದ್ದು. ಮಗಳ ಹೆಗಲ ಮೇಲೆ ಅದನ್ನು ಕೂರಿಸುವಾಗೆಲ್ಲ ಇವರಿಬ್ಬರೂ ನೆನಪಾಗುತ್ತಿದ್ದರು. ಆದರೆ ಸ್ಪಾಟರ್‌ನ ಆತುರವನ್ನು ತಡೆಯುವ ಸಾಧನ ಯಾವುದೂ ಇಲ್ಲ.

ಆ ರಾತ್ರಿ ಊರಿನ ಮಾವನೂ ನೆನಪಾದರು. ನಾನು ಹುಟ್ಟಿದ್ದು ಕಾರ್ಕಳದ ಹತ್ತಿರ. ಮಿಯ್ಯಾರಿನ ಕಂಬಳ ನೋಡಿ ಬೆಳೆದವನು. ನಮ್ಮ ಮಾವ ವರ್ಷವಿಡೀ ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಕಂಬಳದ ದಿನ ಹಗ್ಗವನ್ನು ಓಡಿಸುವವನ ಕೈಗೆ ಕೊಟ್ಟು, ಓಟ ಮುಗಿಯುವ ಮಂಜೊಟ್ಟಿಯ ಬಳಿ ಸುಮ್ಮನೆ ನಿಂತುಬಿಡುತ್ತಿದ್ದರು. ಸೋತು ಬಂದಾಗಲೂ ಅವರು ಓಡಿಸಿದವನನ್ನು ಮೊದಲು ಕೇಳುತ್ತಿದ್ದದ್ದು, “ಕೋಣ ಹೇಗಿತ್ತು?” ಕರೆಯಲ್ಲಿ, ಅಂದರೆ ಆ ಕೆಸರಿನ ಓಟದ ದಾರಿಯಲ್ಲಿ, ಓಡಿದವನಿಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಅಷ್ಟು ಕಂಬಳ ನೋಡಿಯೂ ನನಗೆ ಅದು ತಿಳಿಯಲು ಒಂದು ಗೋಡೆ ಬೇಕಾಯಿತು. ಆಮೇಲಿನ ರೇಸುಗಳಲ್ಲಿ ಸ್ಟಾಪ್‌ವಾಚ್ ನೋಡುವ ಮೊದಲು ಅವಳ ಮಾತು ಕೇಳಿದೆ. ಪಕ್ಕದ ಕಾರು ಪೂರ್ತಿ ಹಿಂದೆ ಬೀಳುವವರೆಗೆ ‘ಒಳಗೆ, ಒಳಗೆ’ ಅನ್ನುತ್ತಲೇ ಇದ್ದೆ. ಒಂದೆರಡು ಸ್ಥಾನ ಕಳೆದುಕೊಂಡೆವು. ಕಾರು ಮಾತ್ರ ಮನೆಗೆ ನಾಲ್ಕು ಚಕ್ರದ ಮೇಲೆ ಬಂತು.

ಹದಿನೆಂಟಕ್ಕೆ ಮೇಲಿನ ಹಂತದ ತಂಡವೊಂದು ಕರೆಯಿತು. ಒಂದು ಸೀಸನ್ನಿನ ಸೀಟಿಗೆ ನಾವು ತರಬೇಕೆಂದು ಹೇಳಿದ ದುಡ್ಡು ನಮ್ಮ ಮನೆಯ ಬೆಲೆಗಿಂತ ಹೆಚ್ಚು. ಪ್ರಾಯೋಜಕರಿಗಾಗಿ ಒಂದು ವರ್ಷ ಅಲೆದೆವು, ಸಿಗಲಿಲ್ಲ. ಪ್ರತಿಭೆ ಇದ್ದರೆ ದಾರಿ ತಾನಾಗಿ ತೆರೆಯುತ್ತದೆ ಎಂದು ಹೇಳುವವರು ಈ ಆಟವನ್ನು ಹತ್ತಿರದಿಂದ ಕಂಡಿಲ್ಲ. ಟ್ರೆವರ್ ಬೇನ್ ಎಂಬ ಚಾಲಕ 2011ರಲ್ಲಿ, ಇಪ್ಪತ್ತು ತುಂಬಿದ ಮರುದಿನ, ನಾಸ್ಕಾರಿನ ಅತಿ ಮೇಲಿನ ಹಂತವಾದ ಕಪ್ ಸರಣಿಯ ತನ್ನ ಎರಡನೇ ರೇಸಿನಲ್ಲೇ ಡೇಟೋನಾ 500 ಗೆದ್ದ. ವಿಜೇತರು ಕಾರು ನಿಲ್ಲಿಸುವ ಜಾಗಕ್ಕೆ ಯಾವ ಕಡೆ ತಿರುಗಬೇಕೆಂದೂ ಆ ಹುಡುಗನಿಗೆ ತಿಳಿದಿರಲಿಲ್ಲ. ಕಪ್ ಸರಣಿಯಲ್ಲಿ ಅವನ ಗೆಲುವು ಅದೊಂದೇ. 2013ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೆಂದು ಗೊತ್ತಾಯಿತು. 2018ರ ನಂತರ ಕಪ್ ಸೀಟು ಸಿಗಲಿಲ್ಲ. ಊರಿನಲ್ಲಿ ಕಾಫಿ ವ್ಯಾಪಾರ ಶುರುಮಾಡಿದ. ಆ ಕಥೆಯನ್ನು ಮಗಳಿಗೆ ಸಮಾಧಾನಕ್ಕೆಂದು ಹೇಳಹೊರಟಿದ್ದೆ. ಅವಳು, “ಅಪ್ಪಾ, ಅವನು ಗೆದ್ದ. ಅದು ಹಾಗೇ ಇರಲಿ” ಅಂದಳು.

ಈಗ ಅವಳು ಷಾರ್ಲಟ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ ಮೋಟರ್‌ಸ್ಪೋರ್ಟ್ಸ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಶನಿವಾರ ಹಿಕ್ಕರಿಯಲ್ಲಿ ಹದಿನೈದರ ಹುಡುಗನೊಬ್ಬನಿಗೆ ಸ್ಪಾಟರ್. ಕಳೆದ ತಿಂಗಳು ಅವಳ ಪಕ್ಕದಲ್ಲಿ ನಿಂತಿದ್ದೆ. ಹುಡುಗ ಒಬ್ಬನನ್ನು ದಾಟುತ್ತಿದ್ದ, ಅವನ ಅಪ್ಪ ಬೇಲಿಯಾಚೆಯಿಂದ ಕೈ ಬೀಸಿ ಕೂಗುತ್ತಿದ್ದ. ನನ್ನ ಕಣ್ಣಿಗೂ ಜಾಗ ಖಾಲಿಯಾದಂತೆ ಕಂಡಿತು. ಮಗಳು ಬೆರಳನ್ನು ರೇಡಿಯೋದ ಗುಂಡಿಯಿಂದ ತೆಗೆಯದೆ, ಇಂಗ್ಲಿಷಿನಲ್ಲಿ, ಒಳಗೆ, ಇನ್ನೂ ಒಳಗೆ, ಇನ್ನೂ ಇದ್ದಾನೆ ಎನ್ನುತ್ತಲೇ ಇದ್ದಳು.