ಕೃಷಿ ಅರಣ್ಯ: ಚಿಂತಾಮಣಿ ಸೀಮೆಯ ಒಣಭೂಮಿ

1. ಅರ್ಥ: ಒಂದೇ ಜಮೀನಿನಲ್ಲಿ ಮರದ ಜೊತೆ ಬೆಳೆ ಅಥವಾ ಜಾನುವಾರು, ಇಲ್ಲವೇ ಎರಡೂ.

2. ವಲಯ: ಚಿಂತಾಮಣಿ ಪೂರ್ವ ಒಣ ವಲಯಕ್ಕೆ ಸೇರಿದೆ. ಜಿಲ್ಲೆ ಚಿಕ್ಕಬಳ್ಳಾಪುರ (2007ರಲ್ಲಿ ಕೋಲಾರದಿಂದ ಬೇರೆಯಾಯಿತು).

3. ಸ್ಥಳೀಯ ಮಾದರಿ: ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು, ಬದುವಿನಲ್ಲಿ ಹೊಂಗೆ. ಬಿತ್ತನೆಗೆ ಮುಂಚೆ ಹೊಂಗೆಯ ಕೊಂಬೆ ಸವರುತ್ತಾರೆ. ಸೊಪ್ಪು ಉಳುಮೆಯಲ್ಲಿ ಮಣ್ಣು ಸೇರಿ ಗೊಬ್ಬರವಾಗುತ್ತದೆ, ರಾಗಿಗೆ ನೆರಳೂ ಬೀಳುವುದಿಲ್ಲ. ಒಂದೇ ಕೆಲಸಕ್ಕೆ ಎರಡು ಲಾಭ. ವಿವರಣಾತ್ಮಕ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

4. ವಿಧಗಳು:
• ಬೆಳೆ + ಮರ: ಕೃಷಿ-ಅರಣ್ಯ
• ಮರ + ಮೇವು: ಅರಣ್ಯ-ಹುಲ್ಲುಗಾವಲು
• ಬೆಳೆ + ಹಣ್ಣಿನ ಮರ: ಕೃಷಿ-ತೋಟಗಾರಿಕೆ (ಮಾವಿನ ಸಾಲುಗಳ ನಡುವೆ ಹುರುಳಿ)

5. ಗೊಂದಲ ಬೇಡ:
• ಹೊಂಗೆ ದ್ವಿದಳ ಧಾನ್ಯಗಳ ಕುಟುಂಬದ್ದು, ಸಾರಜನಕ ಸ್ಥಿರೀಕರಿಸುತ್ತದೆ. ಹೆಬ್ಬೇವು, ಸಿಲ್ವರ್ ಓಕ್ ಆ ಕುಟುಂಬದವಲ್ಲ.
• ಕೃಷಿ ಅರಣ್ಯ ಸಂಶೋಧನಾ ಸಂಸ್ಥೆ: ಅಂತರರಾಷ್ಟ್ರೀಯ (1978) ನೈರೋಬಿಯಲ್ಲಿ, ಕೇಂದ್ರೀಯ (1988) ಝಾನ್ಸಿಯಲ್ಲಿ.

6. ನೀತಿ: ರಾಷ್ಟ್ರೀಯ ಕೃಷಿ ಅರಣ್ಯ ನೀತಿ, 2014. ಇಂಥ ನೀತಿ ತಂದ ಮೊದಲ ದೇಶ ಭಾರತ. ಪದೇಪದೇ ಕೇಳುವ ಪ್ರಶ್ನೆ, ಮರೆಯಬೇಡಿ.

7. ರಾಜ್ಯ: ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011–12ರಿಂದ. ಬದುಕುಳಿದ ಸಸಿಗೆ 3 ವರ್ಷ ಪ್ರೋತ್ಸಾಹಧನ. ಜಾರಿ ಅರಣ್ಯ ಇಲಾಖೆಯದು, ಕೃಷಿ ಇಲಾಖೆಯದಲ್ಲ.