ಪೈಥಾನ್ ಕೋಡ್ ಪೈಥಾನ್‌ನಂತೆಯೇ ಕಾಣಬೇಕೆ?

ಕರ್ನಾಟಕದ ಕಾಲೇಜುಗಳಲ್ಲಿ ಸಿ, ಜಾವಾ ಓದಿ ಲಂಡನ್ನಿನಲ್ಲಿ ಪೈಥಾನ್ ಕೆಲಸಕ್ಕೆ ಸೇರುವ ನಮ್ಮ ಹುಡುಗ ಹುಡುಗಿಯರ ಕೋಡ್ ಸರಿಯಾಗಿಯೇ ಓಡುತ್ತದೆ. ಆದರೂ ರಿವ್ಯೂನಲ್ಲಿ ಹಲವರಿಗೆ ಕೇಳಿಬರುವ ಮಾತು, ‘ಇದು ಪೈಥಾನ್ ಬರೆಯುವ ರೀತಿಯಲ್ಲ’ ಎಂದು. ಆ ರೀತಿಯನ್ನು ರೂಢಿಸಿಕೊಳ್ಳಬಹುದು.

ಮೊದಲು 2001ರ ‘ಪೆಪ್ 8’ ಶೈಲಿ ಕೈಪಿಡಿ ಓದಿ. ಪೈಥಾನ್ ತೆರೆದು ‘ಇಂಪೋರ್ಟ್ ದಿಸ್’ ಎಂದು ಟೈಪ್ ಮಾಡಿದರೆ ಟಿಮ್ ಪೀಟರ್ಸ್ ಬರೆದ 19 ಸೂತ್ರಗಳು ಬರುತ್ತವೆ, ಅವನ್ನೂ ನೋಡಿ. ಸಾಲು ಮುರಿಯುವುದು, ಜಾಗ ಬಿಡುವುದನ್ನೆಲ್ಲ ‘ಬ್ಲ್ಯಾಕ್’ ಟೂಲ್‌ಗೆ ವಹಿಸಿ.

ನಿಜವಾದ ಕಲಿಕೆ ಇರುವುದು ತಿದ್ದಿ ಬರೆಯುವುದರಲ್ಲಿ. ನಿಮ್ಮದೇ ಹಳೆಯ ಪ್ರೋಗ್ರಾಂ ತೆಗೆದುಕೊಳ್ಳಿ. ಹೆಸರುಗಳ ಲಿಸ್ಟ್ ಇದೆ ಎನ್ನಿ. ಸಿ ಬರೆದು ಪಳಗಿದ ಕೈ ‘ಲೆನ್’ನಿಂದ ಉದ್ದ ಕಂಡುಕೊಂಡು, ‘ರೇಂಜ್’ ಹಾಕಿ, ಸಂಖ್ಯೆ ಹಿಡಿದು ಒಂದೊಂದೇ ಹೆಸರು ತೆಗೆಯುತ್ತದೆ. ಪೈಥಾನ್‌ನ ‘ಫಾರ್’ ಹೆಸರನ್ನೇ ನೇರವಾಗಿ ಕೊಡುತ್ತದೆ. ಕ್ರಮಸಂಖ್ಯೆಯೂ ಬೇಕಾದರೆ ‘ಎನ್ಯೂಮರೇಟ್’, ಎರಡು ಲಿಸ್ಟ್ ಜೊತೆಜೊತೆಗೆ ಸಾಗಬೇಕಾದರೆ ‘ಜಿಪ್’. ಫೈಲ್ ತೆರೆಯಲು ‘ವಿತ್’ ಬಳಸಿ. ನಡುವೆ ಎರರ್ ಬಂದರೂ ಫೈಲ್ ಮುಚ್ಚುತ್ತದೆ. ಓದುವವರು ನೆನಪಿಟ್ಟುಕೊಳ್ಳಬೇಕಾದದ್ದು ಕಡಿಮೆಯಾಯಿತೇ ಎಂದು ಪ್ರತಿ ಸಲ ಕೇಳಿಕೊಳ್ಳಿ. ಚಿಕ್ಕದಾದದ್ದೆಲ್ಲ ಸೊಗಸಲ್ಲ. ಮೂರು ಲೂಪ್‌ಗಳನ್ನು ಒಂದೇ ಸಾಲಿನ ಕಾಂಪ್ರಹೆನ್ಷನ್‌ಗೆ ತುರುಕುವುದನ್ನು ನಾನಂತೂ ಒಪ್ಪುವುದಿಲ್ಲ.

ಒಳ್ಳೆಯ ಕೋಡ್ ಓದುವುದೂ ಅಷ್ಟೇ ಮುಖ್ಯ. ಸರ್ಕಾರಿ ಸೇವೆಗಳಿಗೆ ಬರೆದ ಹೊಸ ಕೋಡ್ ಎಲ್ಲರಿಗೂ ತೆರೆದಿರಬೇಕು ಎಂಬುದು ಬ್ರಿಟನ್ನಿನ ಸೇವಾ ಮಾನದಂಡ. ಇಮೇಲ್, ಎಸ್ಸೆಮ್ಮೆಸ್, ಪತ್ರ ಕಳಿಸುವ ಅಲ್ಲಿನ ‘ಗವ್ ಡಾಟ್ ಯುಕೆ ನೋಟಿಫೈ’ ಪೈಥಾನ್‌ನಲ್ಲಿದೆ, ಗಿಟ್‌ಹಬ್‌ನ ‘ಆಲ್ಫಾಗವ್’ ಖಾತೆಯಲ್ಲಿ ಸಿಗುತ್ತದೆ. ಟೆಸ್ಟ್‌ಗಳಿಂದ ಓದಲು ಶುರು ಮಾಡಿ, ಕೋಡ್ ಏನು ಮಾಡಬೇಕೆಂದು ಮೊದಲೇ ತಿಳಿಯುತ್ತದೆ. ಆಮೇಲೆ ಪುಲ್ ರಿಕ್ವೆಸ್ಟ್‌ಗಳನ್ನು ನೋಡಿ. ಸಿದ್ಧವಾದ ಕೋಡ್‌ಗಿಂತ ಅದು ಹೇಗೆ, ಏಕೆ ಬದಲಾಯಿತು ಎಂಬುದೇ ಹೆಚ್ಚು ಕಲಿಸುತ್ತದೆ.

ರೂಢಿಗಳ ಹಿಂದಿನ ಕಾರಣವನ್ನೂ ಹುಡುಕಿ. ಮುಂದೆ ಲಂಡನ್ನಿನ ಕ್ವೀನ್ ಮೇರಿಯಲ್ಲಿ ಪ್ರಾಧ್ಯಾಪಕರಾದ ಪೀಟರ್ ಲ್ಯಾಂಡಿನ್, ಸಾಲಿನ ಮುಂದೆ ಬಿಟ್ಟ ಜಾಗವೇ ಪ್ರೋಗ್ರಾಂನ ರಚನೆಯನ್ನು ತಿಳಿಸಲಿ ಎಂಬ ನಿಯಮವನ್ನು 1966ರ ಪ್ರಬಂಧದಲ್ಲೇ ಮಂಡಿಸಿದ್ದರು. ಕಣ್ಣಿಗೆ ಕಾಣುವ ರಚನೆ ಮತ್ತು ಕಂಪ್ಯೂಟರ್ ಪಾಲಿಸುವ ರಚನೆ ಬೇರೆಬೇರೆಯಾಗದಂತೆ ಆ ನಿಯಮ ಕಾಯುತ್ತದೆ. ಇಂಡೆಂಟೇಷನ್ ಬಗ್ಗೆ ಪೈಥಾನ್ ಅಷ್ಟು ಕಟ್ಟುನಿಟ್ಟಾಗಿರುವುದು ಏಕೆಂದು ಇದನ್ನು ತಿಳಿದರೆ ಅರ್ಥವಾಗುತ್ತದೆ.

ಕೊನೆಗೆ, ಬಲ್ಲವರಿಗೆ ತೋರಿಸಿ. ಲಂಡನ್ನಿನಲ್ಲಿ 2013ರಲ್ಲಿ ಶುರುವಾದ ‘ಕೋಡ್‌ಬಾರ್’, ತಂತ್ರಜ್ಞಾನ ಕ್ಷೇತ್ರದಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಮಹಿಳೆಯರೂ ಸೇರಿದಂತೆ ಹಲವು ಸಮುದಾಯದವರಿಗೆ ಉಚಿತ ಕಾರ್ಯಾಗಾರ ನಡೆಸುತ್ತದೆ. ಅನುಭವಿಗಳು ಪಕ್ಕದಲ್ಲೇ ಕೂತು ಹೇಳಿಕೊಡುತ್ತಾರೆ. ಹೋಗುವಾಗ ಇಡೀ ಪ್ರಾಜೆಕ್ಟ್ ಬೇಡ, ಒಂದು ಫಂಕ್ಷನ್ ಸಾಕು. ‘ಇದು ಸರಿಯೇ?’ ಎನ್ನುವ ಬದಲು ‘ನೀವಾಗಿದ್ದರೆ ಹೇಗೆ ಬರೆಯುತ್ತಿದ್ದಿರಿ?’ ಎಂದು ಕೇಳಿ.